ಸೋಂಕು ಹಬ್ಬಿದಾಗ ಏರಿಯಾದ ಆಟದ ಮೈದಾನ: ಮಕ್ಕಳನ್ನ ಆಡೋಕೆ ಕಳಿಸೋದು ಹೇಗೆ?

ಕೋವಿಡ್ ಕೇಸ್ ಮತ್ತೆ ಜಾಸ್ತಿ ಆಗ್ತಿದೆ ಅಂತ ಟಿವಿಲಿ ಬಂದ್ರೆ ಸಾಕು, ಅವತ್ತು ಸಂಜೆನೇ ನಂಗೆ ಮೆಸೇಜ್ ಬರೋಕೆ ಶುರು. "ಮಗೂನ ಕೆಳಗಡೆ ಆಡೋಕೆ ಕಳಿಸ್ಬಹುದಾ?", "ಪಾರ್ಕಿನ ಜಾರುಬಂಡೆ ಮುಟ್ಟಿದ್ರೆ ಏನಾದ್ರೂ ಆಗುತ್ತಾ?", "ಅಸೋಸಿಯೇಷನ್‌ನವರು ಪ್ಲೇ ಏರಿಯಾಗೆ ಬೀಗ ಹಾಕ್ಬಿಟ್ಟಿದ್ದಾರೆ, ಅದು ಸರಿನಾ?". ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಬೆಂಗಳೂರಲ್ಲಿ ನಮ್ಮ ಬಡಾವಣೆಯ ಆಟದ ಮೈದಾನವನ್ನ 2020ರಿಂದ 2022ರವರೆಗೆ ನೋಡ್ಕೊಂಡ ನಾಲ್ಕೈದು ಅಮ್ಮಂದಿರಲ್ಲಿ ಒಬ್ಬಳು. ನಿಮ್ಮ ಮಗುಗೆ ಆಸ್ತಮಾ, ಹೃದಯದ ತೊಂದರೆ, ಶುಗರ್ ಅಥವಾ ರೋಗನಿರೋಧಕ ಶಕ್ತಿ ಕಮ್ಮಿ ಆಗೋ ಔಷಧಿ ಏನಾದ್ರೂ ನಡೀತಿದ್ರೆ ಇಲ್ಲಿ ಬರೆದಿರೋದನ್ನ ಓದಿ ನಿರ್ಧಾರ ಮಾಡ್ಬೇಡಿ, ನಿಮ್ಮ ಮಕ್ಕಳ ಡಾಕ್ಟರನ್ನ ಕೇಳಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಬೀಗ ಹಾಕೋದು ಕೊನೇ ದಾರಿ. ಸರ್ಕಾರ ಮುಚ್ಚಿ ಅಂತ ಆದೇಶ ಮಾಡಿದ್ರೆ ಮುಚ್ಚಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆದೇಶ ಇಲ್ದೇ ಇದ್ದಾಗ್ಲೂ ಯಾಕ್ ಬೇಕು ರಿಸ್ಕು ಅಂತ ಉಯ್ಯಾಲೆಗೆ ಹಗ್ಗ ಸುತ್ತಿ ಕಟ್ಟಿಟ್ರೆ ಏನಾಗುತ್ತೆ ಅಂತ ನಾವೆಲ್ಲ ಕಣ್ಣಾರೆ ನೋಡಿದೀವಿ. ನಮ್ಮ ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ 1ರಿಂದ 5ನೇ ಕ್ಲಾಸಿನ ಮಕ್ಕಳಿಗೆ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ, ಒಂದೂವರೆ ವರ್ಷದ ಮೇಲೆ. ಅಷ್ಟು ದಿನ ಶಾಲೆನೂ ಇಲ್ಲ, ಮೈದಾನಾನೂ ಇಲ್ಲ ಅಂದ್ರೆ ಮಕ್ಕಳು ಏನ್ ಮಾಡ್ಬೇಕು? ಆಟ ನಿಲ್ಲಲಿಲ್ಲ, ಲಿಫ್ಟ್ ಪಕ್ಕದ ಪ್ಯಾಸೇಜಿಗೆ ಹೋಯ್ತು, ಬೇಸ್‌ಮೆಂಟಿಗೆ ಹೋಯ್ತು, ಯಾರದೋ ಮನೆ ಬೆಡ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಐದು ಜನ ಒಂದೇ ಮೊಬೈಲ್ ನೋಡೋ ಹಾಗಾಯ್ತು. ಸೋಂಕಿಗೆ ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದು ಸೋಂಕಿನ ಕಾಲಕ್ಕೂ ಬೇಕೇ ಬೇಕು.

ಬೇಕಾಗಿರೋ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್ಕು, ಗೇಟ್ ಹತ್ರ ಒಂದು ನಲ್ಲಿ ಮತ್ತು ಸೋಪು, ನಲ್ಲಿ ಇಲ್ಲದಿದ್ರೆ ಶೇಕಡ 60ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರೋ ಸ್ಯಾನಿಟೈಸರು, ಪ್ರತಿ ಮಗುಗೂ ಹೆಸರು ಬರೆದ ಅದರದೇ ನೀರಿನ ಬಾಟಲು, ಎರಡು ಮಾಸ್ಕು. ಇದಕ್ಕಿಂತ ಮುಖ್ಯವಾಗಿ ದಿನಾ ಸಂಜೆ ಸರದಿ ಪ್ರಕಾರ ಒಂದು ಗಂಟೆ ನಿಲ್ಲೋಕೆ ರೆಡಿ ಇರೋ ಇಬ್ಬರು ದೊಡ್ಡವರು.

1. ಸೋಂಕು ಎಲ್ಲಿಂದ ಬರುತ್ತೆ ಅಂತ ಮೊದಲು ತಿಳ್ಕೊಳ್ಳಿ

ಇದು ಸರಿಯಾಗಿ ಅರ್ಥ ಆದ್ರೆ ಉಳಿದಿದ್ದೆಲ್ಲ ಸುಲಭ. ಕೋವಿಡ್ ಮುಖ್ಯವಾಗಿ ಹರಡೋದು ಉಸಿರಿನಿಂದ. ಮಾತಾಡುವಾಗ, ಕೂಗುವಾಗ, ಓಡಿ ಏದುಸಿರು ಬಿಡುವಾಗ ಬಾಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಬರುತ್ತೆ, ಅದಕ್ಕೇ ಏರೋಸಾಲ್ ಅನ್ನೋದು. ಊದುಬತ್ತಿ ಹೊಗೆ ನೆನೆಸ್ಕೊಳ್ಳಿ. ದೇವರ ಕೋಣೆ ಬಾಗಿಲು ಹಾಕಿ ಹಚ್ಚಿದ್ರೆ ಹೊಗೆ ತುಂಬ್ಕೊಂಡು ಗಂಟೆಗಟ್ಟಲೆ ಅಲ್ಲೇ ಇರುತ್ತೆ, ಅದೇ ಬತ್ತಿನ ಟೆರೇಸ್ ಮೇಲೆ ಹಚ್ಚಿದ್ರೆ ತೀರಾ ಹತ್ರ ಹೋದ್ರೆ ಮಾತ್ರ ವಾಸನೆ ಗೊತ್ತಾಗುತ್ತೆ. ಬಯಲಲ್ಲಿ ಆಡೋ ಮಗುಗೆ ಅಪಾಯ ಕಮ್ಮಿ ಅನ್ನೋದು ಇದಕ್ಕೇ. ಕಮ್ಮಿ ಅಂದೆ, ಇಲ್ಲವೇ ಇಲ್ಲ ಅನ್ಲಿಲ್ಲ, ಯಾಕಂದ್ರೆ ನಾಲ್ಕು ತಲೆ ಒಂದಕ್ಕೊಂದು ತಾಗಿಸ್ಕೊಂಡು ಹತ್ತು ನಿಮಿಷ ಗುಸುಗುಸು ಮಾತಾಡಿದ್ರೆ ಬಯಲಾದ್ರೂ ಅದು ಹತ್ರಾನೇ.

ಉಯ್ಯಾಲೆ ಸರಪಳಿ, ಜಾರುಬಂಡೆ ಮುಟ್ಟೋ ವಿಷಯ. 2020ರಲ್ಲಿ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ ಈ ವೈರಸ್ಸು 3 ದಿನದವರೆಗೂ ಸಿಕ್ತು ಅಂತ ಗೊತ್ತಾದಾಗ ಎಲ್ರೂ ಗಾಬರಿ ಆದ್ವಿ, ಹಾಲಿನ ಪ್ಯಾಕೆಟ್ ಸಮೇತ ತೊಳೆದ್ವಿ. ಆಮೇಲೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಡಿಸಿ, ಅಂದ್ರೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ, ವೈರಸ್ ಇರೋ ವಸ್ತುನ ಒಂದು ಸಲ ಮುಟ್ಟಿದ್ರೆ ಸೋಂಕು ತಗಲೋ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಮ್ಮಿ ಅಂತ ಹೇಳ್ತು. ಹಾಗಾಗಿ ಕೈ ತೊಳೀಬೇಕು, ಆದ್ರೆ ಜಾರುಬಂಡೆಗೆ ಹೆದರ್ಬೇಕಾಗಿಲ್ಲ. ತುಂಬಾ ಜನ ಎಡವೋದು ಇಲ್ಲೇ: ಸರಪಳಿನ ದಿನಕ್ಕೆ ಮೂರು ಸಲ ಒರೆಸ್ತಾರೆ, ಪಕ್ಕದಲ್ಲೇ ಮೂವತ್ತು ಮಕ್ಕಳು ಗುಂಪು ಸೇರಿರೋದನ್ನ ನೋಡಲ್ಲ.

ಒಂದು ಎಚ್ಚರಿಕೆ, ಇದು ಕೋವಿಡ್ ತರದ ಉಸಿರಾಟದ ಸೋಂಕಿಗೆ ಹೇಳಿದ ಮಾತು. ಕೈ-ಕಾಲು-ಬಾಯಿ ರೋಗ, ಅಂದ್ರೆ ಚಿಕ್ಕ ಮಕ್ಕಳಿಗೆ ಅಂಗೈ, ಪಾದ, ಬಾಯೊಳಗೆ ಗುಳ್ಳೆ ಬರೋ ಸೋಂಕು ಏರಿಯಾದಲ್ಲಿ ಓಡಾಡ್ತಿದ್ರೆ ಲೆಕ್ಕ ಬೇರೆ. ಅದು ಜೊಲ್ಲು, ಮಲ, ಮುಟ್ಟಿದ ಆಟದ ಸಾಮಾನು ಇದ್ರಿಂದೆಲ್ಲ ಹರಡುತ್ತೆ, ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗಲ್ಲ, ಸೋಪು ನೀರೇ ಬೇಕು.

2. ಮನೆ ಬಿಡೋ ಮುಂಚೆ ಮಗುನ ನೋಡಿ

ಜ್ವರ, ಕೆಮ್ಮು, ಗಂಟಲು ನೋವು, ವಾಂತಿ-ಭೇದಿ, ಹೊಸದಾಗಿ ಶುರುವಾದ ನೆಗಡಿ ಇವುಗಳಲ್ಲಿ ಒಂದಿದ್ರೂ ಅವತ್ತು ಆಟ ಇಲ್ಲ. ಬೆಂಗಳೂರಿನ ಮಕ್ಕಳಿಗೆ ಧೂಳಿಗೆ, ಚಳಿಗೆ ಮೂಗು ಸೋರೋದು ಮಾಮೂಲಿ, ಹಾಗಾಗಿ ಇದು ಅಲರ್ಜಿನೋ ಸೋಂಕೋ ಅಂತ ಅನುಮಾನ ಬಂದ್ರೆ ಒಂದೆರಡು ದಿನ ಮನೆಲೇ ಇಟ್ಕೊಂಡು ನೋಡಿ, ಅಷ್ಟೆ.

ಪ್ಯಾರಸಿಟಮಾಲ್ ಸಿರಪ್ ಕುಡಿಸಿ, ಜ್ವರ ಇಳೀತು ಅಂತ ಆಡೋಕೆ ಕಳಿಸೋದು ದೊಡ್ಡ ತಪ್ಪು. ಔಷಧಿ ಮೈ ಬಿಸಿ ಇಳಿಸುತ್ತೆ, ಸೋಂಕು ಹರಡೋದನ್ನ ನಿಲ್ಲಿಸಲ್ಲ. ಔಷಧಿ ಕೊಡದೇ ಕನಿಷ್ಠ 24 ಗಂಟೆ ಜ್ವರ ಇಲ್ಲ ಅಂದ್ರೆ ಮಾತ್ರ ಮುಂದಿನ ಯೋಚನೆ. ಮನೇಲಿ ಬೇರೆ ಯಾರಿಗಾದ್ರೂ ಪಾಸಿಟಿವ್ ಬಂದಿದ್ರೆ ಮಗು ಗಟ್ಟಿಯಾಗಿ ಓಡಾಡ್ಕೊಂಡಿದ್ರೂ ಕಳಿಸ್ಬೇಡಿ. ಸೋಂಕು ಮೈ ಸೇರಿದ ಮೇಲೆ ಲಕ್ಷಣ ಕಾಣಿಸೋಕೆ 2ರಿಂದ 14 ದಿನ ಹಿಡಿಯಬಹುದು, ಇದನ್ನೇ ಡಾಕ್ಟರುಗಳು ಇನ್‌ಕ್ಯುಬೇಷನ್ ಅವಧಿ ಅನ್ನೋದು, ಅದರ ಕೊನೇ ಒಂದೆರಡು ದಿನ ಲಕ್ಷಣ ಇಲ್ಲದೇನೇ ಬೇರೆಯವರಿಗೆ ಅಂಟಬಹುದು.

ಸಣ್ಣ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಕೋವಿಡ್ ಹಗುರವಾಗೇ ಬಂದು ಹೋಗುತ್ತೆ, ಆದ್ರೆ ಮನೇಲಿ ಅಜ್ಜಿ ತಾತ ಇದ್ದಾರಲ್ಲ. ನಮ್ಮ ದೇಶದಲ್ಲಿ 15ರಿಂದ 18ರ ಮಕ್ಕಳಿಗೆ ಲಸಿಕೆ ಶುರುವಾಗಿದ್ದು 2022ರ ಜನವರಿ 3ಕ್ಕೆ, 12ರಿಂದ 14ರವರಿಗೆ ಮಾರ್ಚ್ 16ಕ್ಕೆ, ಅದಕ್ಕಿಂತ ಚಿಕ್ಕವರು ಆ ಅಭಿಯಾನದಲ್ಲಿ ಇರಲೇ ಇಲ್ಲ. ಅಂದ್ರೆ ಪುಟ್ಟ ಮಕ್ಕಳಿಗೆ ಕಾವಲು ಅಂದ್ರೆ ಮನೆ ದೊಡ್ಡವರು ಹಾಕಿಸ್ಕೊಂಡ ಲಸಿಕೆ.

3. ಬ್ಯಾಚ್ ಮಾಡಿ, ಸಮಯ ಹಂಚಿ

2020ರ ಮೇ ತಿಂಗಳಲ್ಲಿ ಪಾರ್ಕುಗಳು ತೆರೆದಾಗ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಅಂತ ಸಮಯ ಇತ್ತು. ಉದ್ದೇಶ ಒಳ್ಳೇದೇ, ಆದ್ರೆ ಇಡೀ ಏರಿಯಾದ ವಾಕಿಂಗ್‌ನವರು, ಮಕ್ಕಳು, ಹಿರಿಯರು ಎಲ್ಲ ಅದೇ ಎರಡು ಗಂಟೆಗೆ ನುಗ್ಗಿದ್ರು. ಸಮಯ ಕಮ್ಮಿ ಮಾಡಿದ್ರೆ ಗುಂಪು ಜಾಸ್ತಿ ಆಗುತ್ತೆ, ಇದನ್ನ ನಿಮ್ಮ ಅಸೋಸಿಯೇಷನ್‌ನವರಿಗೆ ಬಿಡಿಸಿ ಹೇಳಿ. ಬೆಳಿಗ್ಗೆಯಿಂದ ಕತ್ತಲಾಗೋವರೆಗೆ ತೆರೆದಿಡಿ, ಅದ್ರಲ್ಲಿ ಬ್ಯಾಚ್ ಮಾಡಿ.

ನಾವು ಮಾಡಿದ್ದು ಹೀಗೆ. ಸಂಜೆ 4ಕ್ಕೆ 5 ವರ್ಷದೊಳಗಿನ ಮಕ್ಕಳು, 5ಕ್ಕೆ 6ರಿಂದ 9ರವರು, 6ಕ್ಕೆ ದೊಡ್ಡ ಮಕ್ಕಳು, ಒಂದೊಂದು ಬ್ಯಾಚಿಗೆ 45 ನಿಮಿಷ, ನಡುವೆ 15 ನಿಮಿಷ ಖಾಲಿ. ಆ 15 ನಿಮಿಷ ಬಿಡಲೇಬೇಕು, ಇಲ್ಲಾಂದ್ರೆ ಹೋಗೋರು ಬರೋರು ಎಲ್ಲ ಗೇಟ್ ಹತ್ರಾನೇ ಸೇರ್ಕೊಳ್ತಾರೆ. 30x40 ಅಡಿಯ ಒಂದು ಸೈಟಿನಷ್ಟು ಜಾಗಕ್ಕೆ 10-12 ಮಕ್ಕಳು ಅಂತ ನಾವೇ ಒಂದು ಲೆಕ್ಕ ಹಾಕ್ಕೊಂಡಿದ್ವಿ, ಇದು ಸರ್ಕಾರದ ನಿಯಮ ಅಲ್ಲ, ಕೈ ಚಾಚಿ ಓಡಿದ್ರೂ ಇನ್ನೊಬ್ಬರಿಗೆ ತಾಗದಷ್ಟು ಜಾಗ ಬೇಕು ಅನ್ನೋದಷ್ಟೇ.

ಕೇಸ್ ಜೋರಾಗಿರೋ ವಾರಗಳಲ್ಲಿ ಬಬಲ್ ಮಾಡಿ. ಬಬಲ್ ಅಂದ್ರೆ ದಿನಾ ಅದೇ ಐದಾರು ಮಕ್ಕಳು ಮಾತ್ರ ಸೇರಿ ಆಡೋ ಗುಂಪು, ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಬದಲಾಯಿಸೋ ಹಾಗಿಲ್ಲ. ಒಬ್ಬರಿಗೆ ಸೋಂಕು ಬಂದ್ರೆ ಐದು ಮನೆಗೆ ಫೋನ್ ಮಾಡಿದ್ರೆ ಸಾಕು, ಐವತ್ತು ಮನೆಗಲ್ಲ. ನೋಟ್‌ಬುಕ್ಕಲ್ಲಿ ಮಗು ಹೆಸರು, ಬಂದ ಸಮಯ, ಅಪ್ಪನೋ ಅಮ್ಮನದೋ ನಂಬರು ಬರೀರಿ, ಪೆನ್ನು ಒಬ್ಬರ ಕೈಲೇ ಇರ್ಲಿ.

ಬ್ಯಾಚ್ ಮಾಡುವಾಗ ಸೆಕ್ಯುರಿಟಿಯವರ ಮಕ್ಕಳು, ಮನೆಕೆಲಸಕ್ಕೆ ಬರೋರ ಮಕ್ಕಳು, ಪಕ್ಕದ ರೋಡಿನ ಮಕ್ಕಳು ಇವರನ್ನ ಹೊರಗಿಡೋಕೆ ಸೋಂಕನ್ನ ನೆಪ ಮಾಡ್ಕೋಬೇಡಿ. ಸೋಂಕು ವಿಮಾನ ಹತ್ತಿ ಬಂದಿದ್ದು, ಗೇಟಿನ ಪಕ್ಕದ ಶೆಡ್ಡಿನಿಂದ ಬಂದಿದ್ದಲ್ಲ. ಆ ಮಕ್ಕಳಿಗೂ ಬ್ಯಾಚಲ್ಲಿ ಜಾಗ ಇರ್ಲಿ, ಮಾಸ್ಕ್ ಇಲ್ಲ ಅಂದ್ರೆ ನೀವೇ ಎರಡು ಕೊಡಿ.

ದೊಡ್ಡವರಿಗೂ ಒಂದು ಮಾತು. ಮಕ್ಕಳು ದೂರ ದೂರ ಆಡ್ತಿರ್ತಾರೆ, ಅಮ್ಮ ಅಪ್ಪಂದಿರು ಒಂದೇ ಬೆಂಚಲ್ಲಿ ಆರು ಜನ ಒತ್ತಿ ಕೂತು ಮಾಸ್ಕ್ ಗದ್ದಕ್ಕೆ ಇಳಿಸ್ಕೊಂಡು ಒಂದು ಗಂಟೆ ಮಾತು. ಮಕ್ಕಳಿಗಿಂತ ಆ ಬೆಂಚಿಂದ ಸೋಂಕು ಹರಡೋ ಸಾಧ್ಯತೆನೇ ಜಾಸ್ತಿ. ಒಂದು ಮಗು ಜೊತೆ ಒಬ್ಬರೇ ಬನ್ನಿ, ಆರು ಅಡಿ ಬಿಟ್ಟು ನಿಲ್ಲಿ.

4. ಮಾಸ್ಕು: ಯಾರಿಗೆ ಬೇಕು, ಯಾರಿಗೆ ಬೇಡ

5 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡ. 6ರಿಂದ 11ರವರು ತಾವೇ ಸರಿಯಾಗಿ ಹಾಕಿ ತೆಗೆಯೋಕೆ ಬಂದ್ರೆ ದೊಡ್ಡವರ ಕಣ್ಗಾವಲಲ್ಲಿ ಹಾಕ್ಬಹುದು. 12 ದಾಟಿದವರಿಗೆ ದೊಡ್ಡವರ ನಿಯಮವೇ. ಇದು 2021ರ ಜೂನ್‌ನಲ್ಲಿ ನಮ್ಮ ಕೇಂದ್ರ ಆರೋಗ್ಯ ಇಲಾಖೆ ಕಡೆಯಿಂದ ಬಂದ ಸಲಹೆ.

ಇದನ್ನ ಮೈದಾನಕ್ಕೆ ಹೊಂದಿಸೋದು ಹೇಗೆ ಅನ್ನೋದೇ ಪ್ರಶ್ನೆ. ಸರದಿಗೆ ಸಾಲಲ್ಲಿ ನಿಂತಾಗ, ಕೂತು ಮಾತಾಡುವಾಗ, ಲಿಫ್ಟಲ್ಲಿ ಇಳಿಯುವಾಗ ಮಾಸ್ಕ್ ಇರ್ಲಿ. ಜೋರಾಗಿ ಓಡುವಾಗ ಬೇಡ, ಬೆವರಿಗೆ ಒದ್ದೆ ಆದ ಮಾಸ್ಕಲ್ಲಿ ಉಸಿರಾಡೋದೇ ಕಷ್ಟ. ಓಡ್ತಾ ಓಡ್ತಾ ಹಸಿ ಬಟ್ಟೆ ಮೂಗಿಗೆ ಅಂಟ್ಕೊಂಡು ಮಗು ಬಾಯಿ ತೆರೆದು ಎಳ್ಕೊಳ್ತಿದ್ರೂ ಅಮ್ಮ ಬೈತಾರೆ ಅಂತ ತೆಗೆಯದೇ ಇರೋದನ್ನ ನಾನು ನೋಡಿದೀನಿ. ಅಂಥಾ ಆಟಕ್ಕೆ ಮಾಸ್ಕ್ ತೆಗೆದು ಅಂತರ ಜಾಸ್ತಿ ಮಾಡಿ, ಒದ್ದೆ ಆಗಿದ್ದನ್ನ ಬದಲಾಯಿಸಿ, ಎರಡು ಮಾಸ್ಕ್ ಅಂದಿದ್ದು ಇದಕ್ಕೇ.

ಬಹಳ ಮುಖ್ಯವಾದ್ದು: ಮಾಸ್ಕ್ ಕಳೆದುಹೋಗ್ಬಾರ್ದು ಅಂತ ಕುತ್ತಿಗೆಗೆ ದಾರ ಕಟ್ಟಿ ಕಳಿಸ್ತಾರಲ್ಲ, ಅದನ್ನ ಜಾರುಬಂಡೆ, ಮಂಕಿ ಬಾರ್ ಹತ್ತೋ ಮುಂಚೆ ತೆಗೆಸಿ. ದಾರ ಕಂಬಿಗೆ ಸಿಕ್ಕಿಹಾಕ್ಕೊಂಡ್ರೆ ಮಗು ನೇತಾಡೋ ಹಾಗಾಗುತ್ತೆ, ಕುತ್ತಿಗೆ ಬಿಗಿಯೋಕೆ ಕ್ಷಣ ಸಾಕು. ವೇಲು, ಐಡಿ ಕಾರ್ಡಿನ ಟ್ಯಾಗು ಎಲ್ಲಕ್ಕೂ ಇದೇ ಮಾತು.

5. ಆಟ ನೋಡಿ ಆರಿಸಿ

ಕುಂಟೆಬಿಲ್ಲೆ ತುಂಬಾ ಒಳ್ಳೇದು, ಒಬ್ಬರು ಕುಂಟುವಾಗ ಉಳಿದವರು ದೂರ ನಿಂತಿರ್ತಾರೆ, ಬಿಲ್ಲೆ ಮಾತ್ರ ಅವರವರದೇ ಇರ್ಲಿ. ಸೈಕಲ್ಲು, ಸ್ಕಿಪ್ಪಿಂಗು, ಶಟಲ್ಲು, ಬುಗುರಿ, ಕ್ರಿಕೆಟ್ಟು ಪರ್ವಾಗಿಲ್ಲ. ಬಾಲಿಗೆ ಎಂಜಲು ಹಚ್ಚಿ ಉಜ್ಜೋದು ಮಾತ್ರ ಬೇಡ, 2020ರಲ್ಲಿ ಐಸಿಸಿನೇ ಅದನ್ನ ನಿಲ್ಲಿಸ್ತು, ಹಾಗೆ ಹೇಳಿದ್ರೆ ಹುಡುಗರು ಬೇಗ ಒಪ್ಕೊಳ್ತಾರೆ. ಲಗೋರಿ ಆಡ್ಬಹುದು, ಕಲ್ಲು ಜೋಡಿಸೋಕೆ ಎಲ್ರೂ ಒಟ್ಟಿಗೆ ಮುಗಿಬೀಳ್ತಾರೆ ನಿಜ, ಒಂದು ಸಲಕ್ಕೆ ಒಬ್ಬರೇ ಜೋಡಿಸ್ಬೇಕು ಅಂತ ನಿಯಮ ಮಾಡಿದ್ರೆ ಆಟ ಇನ್ನೂ ಮಜಾ ಬರುತ್ತೆ.

ಕೇಸ್ ಜಾಸ್ತಿ ಇದ್ದಾಗ ಕಬಡ್ಡಿ ಬೇಡ. ಮೈಮೇಲೆ ಬಿದ್ದು ಹಿಡಿಯೋದು, ಅದ್ರ ಮೇಲೆ ಒಂದೇ ಉಸಿರಲ್ಲಿ ಕಬಡ್ಡಿ ಕಬಡ್ಡಿ ಅಂತ ಮುಖದ ಮುಂದೆ ಕೂಗೋದು. ಚೌಕಾಬಾರ, ಅಳಿಗುಳಿಮಣೆ ಶಾಂತವಾದ ಆಟ ಅಂತ ಕಾಣುತ್ತೆ, ಆದ್ರೆ ಕವಡೆ ಬಿದ್ದ ತಕ್ಷಣ ನಾಲ್ಕೂ ತಲೆ ಮಣೆ ಮೇಲೆ ಬಗ್ಗುತ್ತೆ, ಅದನ್ನ ಮನೆಯವರ ಜೊತೆ ಆಡ್ಲಿ. ಯಾರೂ ಗಮನಿಸದೇ ಇರೋದು ಕಣ್ಣಾಮುಚ್ಚಾಲೆ! ಬಯಲಾಟ ಅಂತ ನಾವು ಸುಮ್ನಿರ್ತೀವಿ, ಮಕ್ಕಳು ಬಚ್ಚಿಟ್ಕೊಳ್ಳೋದು ಜನರೇಟರ್ ರೂಮ್ ಹಿಂದೆ, ಮೆಟ್ಟಿಲ ಕೆಳಗೆ, ಕಾರುಗಳ ಸಂದಿಲಿ, ಅದೂ ಮೂರು ಜನ ಒಬ್ಬರಿಗೊಬ್ಬರು ಒತ್ಕೊಂಡು ಕಿಸಿಕಿಸಿ ನಗ್ತಾ. ಮರದ ಹಿಂದೆ ಮಾತ್ರ ಬಚ್ಚಿಟ್ಕೋಬೇಕು, ಒಂದು ಮರಕ್ಕೆ ಒಬ್ಬರೇ, ಅಂತ ಮೊದಲೇ ಹೇಳಿಬಿಡಿ.

ತಿಂಡಿ ಮೈದಾನಕ್ಕೆ ಬೇಡವೇ ಬೇಡ. ತಿನ್ನೋಕೆ ಮಾಸ್ಕ್ ತೆಗೀತಾರೆ, ಕೈ ತೊಳೆದಿರಲ್ಲ, ಹಂಚ್ಕೊಳ್ತಾರೆ. ಬಟ್ಟೆ ಸುತ್ತಿ ಕಚ್ಚಿ ಕಾಗೆ ಎಂಜಲು ಮಾಡ್ಕೊಟ್ರೆ ಎಂಜಲಲ್ಲ ಅಂತ ಮಕ್ಕಳು ವಾದ ಮಾಡ್ತಾರೆ, ಆ ಬಟ್ಟೆ ಏನನ್ನೂ ತಡೆಯಲ್ಲ ಅಂತ ಸಮಾಧಾನವಾಗಿ ಹೇಳಿ. ನೀರು ಎತ್ತಿ ಕುಡಿಯೋದು ಒಳ್ಳೇ ಅಭ್ಯಾಸ, ಆದ್ರೂ ಓಡಿ ಬಂದ ಮಗು ಕಚ್ಚೇ ಕುಡಿಯೋದು, ಹಾಗಾಗಿ ಬಾಟಲು ಬೇರೆಬೇರೆ ಇರ್ಲೇಬೇಕು.

6. ಕೈ ಮತ್ತು ಆಟದ ಸಾಮಾನಿನ ಕ್ಲೀನಿಂಗು

ಬರುವಾಗ ಒಂದ್ಸಲ, ಹೋಗುವಾಗ ಒಂದ್ಸಲ ಸೋಪಲ್ಲಿ 20 ಸೆಕೆಂಡ್ ಕೈ ತೊಳೆಸಿ. ಮಣ್ಣು ಮೆತ್ಕೊಂಡಿರೋ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ. ಸ್ಯಾನಿಟೈಸರ್ ಬಾಟಲು ದೊಡ್ಡವರ ಕೈಲಿರ್ಲಿ, ಚಿಕ್ಕವರು ನೆಕ್ಕಿದ್ರೆ ಅದು ವಿಷ. ದೀಪಾವಳಿ ಟೈಮಲ್ಲಿ ಅದನ್ನ ಹಚ್ಕೊಂಡು ಪಟಾಕಿ, ದೀಪದ ಹತ್ರ ಹೋಗೋದು ಬೇಡವೇ ಬೇಡ, ಆಲ್ಕೋಹಾಲ್ ಥಟ್ ಅಂತ ಹತ್ಕೊಳ್ಳುತ್ತೆ.

ಉಯ್ಯಾಲೆ, ಸೀಸಾ, ಜಾರುಬಂಡೆ ಕಂಬಿಗಳನ್ನ ದಿನಕ್ಕೊಂದ್ಸಲ ಸೋಪು ನೀರಲ್ಲಿ ಒರೆಸಿದ್ರೆ ಸಾಕು. ಯಾರಾದ್ರೂ ವಾಂತಿ ಮಾಡ್ಕೊಂಡ್ರೆ, ಇಲ್ಲಾ ಪಾಸಿಟಿವ್ ಮಗು ಅವತ್ತೇ ಆಡಿತ್ತು ಅಂತ ಗೊತ್ತಾದ್ರೆ ಹೈಪೋಕ್ಲೋರೈಟ್ ಬಳಸಿ. ಅದು ಬ್ಲೀಚ್ ದ್ರಾವಣ, ಬಟ್ಟೆ ಬಿಳಿ ಮಾಡೋಕೆ ಬಳಸ್ತಾರಲ್ಲ ಅದೇ. ಬಾಟಲ್ ಮೇಲೆ 5% ಅಂತಿದ್ರೆ 1 ಲೀಟರ್ ನೀರಿಗೆ 20 ಎಂಎಲ್ ಹಾಕಿ, ಗ್ಲೌಸ್ ಹಾಕ್ಕೊಂಡು ಒರೆಸಿ, 10 ನಿಮಿಷ ಬಿಟ್ಟು ಬರೀ ನೀರಲ್ಲಿ ಇನ್ನೊಂದ್ಸಲ ಒರೆಸಿ. ಅಷ್ಟೊತ್ತು ಮಕ್ಕಳು ಹತ್ರ ಬರ್ಬಾರ್ದು. ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜೊತೆ, ವಿನೆಗರ್ ಜೊತೆ ಇದನ್ನ ಬೆರೆಸ್ಲೇಬಾರ್ದು, ಕ್ಲೋರಿನ್ ಗ್ಯಾಸ್ ಬಂದು ಉಸಿರು ಕಟ್ಟುತ್ತೆ.

ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು ಅನ್ಕೊಳ್ಳೋದೂ ತಪ್ಪು. ಮೊದಲನೇ ವರ್ಷ ನಾವು ದಿನಾ ಎರಡು ಸಲ ಗಟ್ಟಿ ಬ್ಲೀಚ್ ನೀರನ್ನ ಸರಪಳಿ ಮೇಲೆ ಸುರಿಸಿದ್ವಿ, ಒರೆಸ್ಲಿಲ್ಲ. ಕೆಲವೇ ವಾರದಲ್ಲಿ ಕೊಂಡಿ ಕೊಂಡಿಗೂ ತುಕ್ಕು, ಒಂದು ಕೊಂಡಿ ಉಗುರಿನಷ್ಟು ತೆಳ್ಳಗಾಗಿತ್ತು, ಒಬ್ಬರು ಎಳೆದು ನೋಡಿದಾಗ ಬಾಯಿ ಬಿಡ್ತು. ಮಗು ಕೂತಿದ್ದಾಗ ಆಗಿದ್ರೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ಬ್ಲೀಚ್ ಕಬ್ಬಿಣ ತಿನ್ನುತ್ತೆ, ನೆನಪಿಡಿ. ಹಾಗೇ ಮಕ್ಕಳ ಮೈಮೇಲೆ ಸೋಂಕುನಾಶಕ ಸ್ಪ್ರೇ ಮಾಡೋದು, ಟನೆಲ್ ಮಾಡಿ ಅದರೊಳಗೆ ಕಳಿಸೋದು ಬೇಡ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೀಗೆ ಮಾಡ್ಬೇಡಿ ಅಂತ ಹೇಳಿತ್ತು, ಕಣ್ಣು, ಚರ್ಮ ಉರಿಯುತ್ತೆ, ಒಳಗಿರೋ ವೈರಸ್ ಸಾಯಲ್ಲ.

ತಿಂಗಳುಗಟ್ಟಲೆ ಮುಚ್ಚಿದ್ದ ಮೈದಾನ ತೆರೆಯೋದಾದ್ರೆ ಸೋಂಕಿಗಿಂತ ಮೊದಲು ಬೇರೆ ನೋಡಿ: ಸಡಿಲ ಆದ ಬೋಲ್ಟು, ಜಾರುಬಂಡೆ ತುದಿಲಿ ಎದ್ದ ತಗಡು, ಬೆಳೆದ ಹುಲ್ಲಲ್ಲಿ ಹಾವು, ಕಂಬಿ ಕೆಳಗೆ ಕಣಜದ ಗೂಡು. ಹೂತಿಟ್ಟ ಟೈರು, ಪ್ಲಾಸ್ಟಿಕ್ ಸೀಟಿನ ಗುಂಡಿಲಿ ನಿಂತ ನೀರು ಚೆಲ್ಲಿ, ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚೋದು.

7. ಮನೆಗೆ ಬಂದ ಮೇಲೆ

ಕೈ, ಮುಖ, ಕಾಲು ತೊಳೆದು ಬಟ್ಟೆ ಬದಲಾಯಿಸಿದ್ರೆ ಆಯ್ತು, ಮೊದಲಿಂದ್ಲೂ ನಮ್ಮ ಮನೆಗಳಲ್ಲಿ ಇದ್ದ ಪದ್ಧತಿನೇ ಇದು. ಬಟ್ಟೆ ಮಾಸ್ಕನ್ನ ದಿನಾ ಸೋಪಲ್ಲಿ ಒಗೆದು ಬಿಸಿಲಿಗೆ ಹಾಕಿ. ಅಜ್ಜಿ ತೊಡೆ ಮೇಲೆ ಹತ್ತೋದು ಕೈ ತೊಳೆದ ಮೇಲೇನೇ.

8. ಯಾರಿಗಾದ್ರೂ ಪಾಸಿಟಿವ್ ಬಂದ್ರೆ

ಆ ಬ್ಯಾಚಿನ ಮನೆಗಳಿಗೆ ಮಾತ್ರ ಫೋನ್ ಮಾಡಿ. ದೊಡ್ಡ ವಾಟ್ಸಾಪ್ ಗ್ರೂಪಲ್ಲಿ ಮಗು ಹೆಸರು, ಫ್ಲಾಟ್ ನಂಬರ್ ಹಾಕ್ಬೇಡಿ, ದಯವಿಟ್ಟು. ಹೆಸರು ಹಾಕಿದ್ರೆ ಮುಂದಿನ ಸಲ ಯಾರೂ ನಿಜ ಹೇಳಲ್ಲ, ಜ್ವರ ಇದ್ರೂ ಮುಚ್ಚಿಟ್ಟು ಕಳಿಸ್ತಾರೆ, ಆಮೇಲೆ ಯಾವ ನೋಟ್‌ಬುಕ್ಕೂ ಉಪಯೋಗಕ್ಕೆ ಬರಲ್ಲ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಗೆ ವಾಸಿ ಆಗಿ ಮೂರು ವಾರ ಆದ್ಮೇಲೂ ಉಳಿದ ಮಕ್ಕಳು ಟೂ ಬಿಟ್ಟಿದ್ರು, ಅವರಿಗೆ ಅದನ್ನ ಹೇಳ್ಕೊಟ್ಟಿದ್ದು ಮನೆಯವರೇ.

ಮನೇಲಿ ಎಷ್ಟು ದಿನ ಇರ್ಬೇಕು ಅನ್ನೋ ನಿಯಮ ಆಗಾಗ ಬದಲಾಗುತ್ತೆ. ಮೊದಲು 10 ದಿನ ಇತ್ತು, 2022ರ ಜನವರಿಲಿ ಅದು ಪಾಸಿಟಿವ್ ಬಂದು ಕನಿಷ್ಠ 7 ದಿನ ಮತ್ತು ಕೊನೇ 3 ದಿನ ಜ್ವರ ಇರಬಾರ್ದು ಅಂತ ಆಯ್ತು. ಆಯಾ ಸಮಯಕ್ಕೆ ಆರೋಗ್ಯ ಇಲಾಖೆ ಹೇಳಿದ್ದನ್ನ ಪಾಲಿಸಿ, ಸಂದೇಹ ಇದ್ರೆ 104ಕ್ಕೆ ಫೋನ್ ಮಾಡಿ, ಅದು ನಮ್ಮ ರಾಜ್ಯದ ಆರೋಗ್ಯ ಸಹಾಯವಾಣಿ.

ಮಗು ಮಲಗಿದ್ದಾಗ ಎದೆ ಏರಿಳಿಯೋದನ್ನ ಒಂದು ಪೂರ್ತಿ ನಿಮಿಷ ಎಣಿಸಿ. 1ರಿಂದ 5 ವರ್ಷದ ಮಗುಗೆ 40 ಅಥವಾ ಜಾಸ್ತಿ, 5 ದಾಟಿದ ಮಗುಗೆ 30 ಅಥವಾ ಜಾಸ್ತಿ ಬಂದ್ರೆ ಅದು ವೇಗದ ಉಸಿರಾಟ. ಎದೆ ಒಳಗೆ ಎಳ್ಕೊಳ್ತಿದ್ರೆ, ಆಕ್ಸಿಮೀಟರಲ್ಲಿ, ಅಂದ್ರೆ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡೋ ಕ್ಲಿಪ್ಪಲ್ಲಿ 94ಕ್ಕಿಂತ ಕಮ್ಮಿ ತೋರಿಸಿದ್ರೆ, ನೀರೂ ಕುಡೀದೇ ಮಂಕಾಗಿ ಬಿದ್ಕೊಂಡಿದ್ರೆ ಬೆಳಗಾಗ್ಲಿ ಅಂತ ಕಾಯದೇ ಆಸ್ಪತ್ರೆಗೆ ಹೋಗಿ. ವಾಸಿ ಆಗಿ 2ರಿಂದ 6 ವಾರದೊಳಗೆ ಮತ್ತೆ ಬಿಡದ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಹೊಟ್ಟೆನೋವು ಬಂದ್ರೂ ಡಾಕ್ಟರಿಗೆ ತೋರಿಸಿ, ಅಪರೂಪಕ್ಕೆ ಕೆಲವು ಮಕ್ಕಳಿಗೆ ಕೋವಿಡ್ ಆದ್ಮೇಲೆ ಹಲವು ಅಂಗಗಳಲ್ಲಿ ಉರಿಯೂತ ಬರುತ್ತೆ, ಎಂಐಎಸ್-ಸಿ ಅಂತಾರೆ ಅದಕ್ಕೆ.

ವಾಸಿ ಆದ ಮಗು ಮೈದಾನಕ್ಕೆ ವಾಪಸ್ ಬಂದಾಗ ಮೊದಲನೇ ದಿನಾನೇ ಓಟದ ಪಂದ್ಯ ಬೇಡ. ನಡೆಯೋದು, ನಿಧಾನವಾಗಿ ಸೈಕಲ್ಲು, ಉಯ್ಯಾಲೆ, ಹೀಗೆ ಒಂದು ವಾರ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ. ಆಡುವಾಗ ಎದೆ ನೋವು, ತಲೆ ಸುತ್ತು, ಎಂದಿಲ್ಲದ ಏದುಸಿರು ಅಂತ ಮಗು ಹೇಳಿದ್ರೆ ಅಲ್ಲೇ ಕೂರಿಸಿ, ಡಾಕ್ಟರಿಗೆ ತೋರಿಸೋವರೆಗೆ ಓಡೋಕೆ ಬಿಡ್ಬೇಡಿ.